ಹೊಸಿಲಲ್ಲಿ ಹೇಳಿದ ಹೆಸರು

ಬೆಳಗಿನ ಬಿಸಿಲಿಗೆ ವರಾಂಡದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ನಾನು, ಪಕ್ಕದಲ್ಲಿ ಖಮರುನ್ನೀಸಾ. ನಡುವೆ ಒಂದು ಮೊರ. ಅವರೆ ಕಾಲದಲ್ಲಿ ಅಡುಗೆಮನೆಗೆ ಕಾಯಿ ಸುಲಿದು ಕೊಡುವುದು ಹೊರಗಿನ ಬ್ಲಾಕಿನ ಹೆಂಗಸರ ಕೆಲಸ. ಯಾರೂ ಹೇಳಿ ಮಾಡಿಸುವುದಿಲ್ಲ. ಕೈ ಸುಮ್ಮನಿದ್ದರೆ ನಮಗೇ ಸೇರುವುದಿಲ್ಲ.

"ಏನಕ್ಕಾ, ಮೊರದಾಗೆ ಕಾಳಿಗಿಂತ ಸಿಪ್ಪೇನೇ ಜಾಸ್ತಿ ಬೀಳ್ತಾ ಐತೆ?" ಎಂದು ಖಮರುನ್ನೀಸಾ ನಕ್ಕಳು.

ನೋಡಿದೆ. ನಿಜ. ಎಡಗೈ ಕಾಯಿ ಹಿಡಿದುಕೊಂಡಿತ್ತು. ಬಲಗೈ ಮಡಿಲಲ್ಲಿ ಬಿದ್ದಿತ್ತು, ಬೇರೆ ಯಾರದೋ ಕೈ ತಂದಿಟ್ಟ ಹಾಗೆ. "ಇಲ್ಲ ಕಣೇ" ಅನ್ನಲು ಹೋದೆ. ಬಾಯಿಂದ ಬೇರೆ ಏನೋ ಸದ್ದು ಬಂತು.

ಅವಳ ನಗು ನಿಂತಿತು.

ಹಂಸ, ದೀಪು, ಇದನ್ನು ನಿಮಗೋಸ್ಕರ ಬರೆಯುತ್ತಿದ್ದೇನೆ. ಎಡಗೈಯಲ್ಲಿ. ದಿನಕ್ಕೆ ಅರ್ಧ ಪುಟ ಆದರೆ ಹೆಚ್ಚು. ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ನಾನು ಓದಿದ್ದು ದೊಡ್ಡೇರಿಯ ಸ್ಕೂಲಿನಲ್ಲಿ, ಏಳನೆಯ ಕ್ಲಾಸಿನ ತನಕ. ಬಾಯಿಬಿಟ್ಟು ಮಾತಾಡುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ, ನಿಮಗೇ ಗೊತ್ತು. ನಿಮ್ಮ ಮುಂದೆ ಕೂತು ಇಷ್ಟನ್ನು ನಾನು ಎಂದೂ ಹೇಳಲಾರೆ.

ಇನ್ನೊಂದು ಮಾತು. ಈ ಕ್ಯಾಂಪಸ್ಸಿಗೆ ಬಂದದ್ದು ನನ್ನ ಇಷ್ಟದಿಂದ. ನಿಮ್ಮ ತಾತ ಹೋದ ಮೇಲೆ ತೋವಿನಕೆರೆಯಲ್ಲಿ ನಿಮ್ಮ ಜೊತೆಗೇ ಇದ್ದೆ. ನಿಮ್ಮ ಮನೆ ಮಹಡಿಯ ಮೇಲೆ, ನನ್ನ ಮಂಡಿ ನೆಲದ ಮೇಲೆ. ಮಧುಗಿರಿಯ ಹೊರಗೆ ವಯಸ್ಸಾದವರಿಗೆ ಇಂಥದ್ದೊಂದು ಜಾಗವಿದೆ, ಮೆಟ್ಟಿಲು ಹತ್ತಬೇಕಾಗಿಲ್ಲ, ಬೆಟ್ಟ ಕಾಣುತ್ತದೆ ಎಂದು ತಿಳಿದಾಗ ನಾನೇ ನಿಮ್ಮ ಅಮ್ಮನಿಗೆ ಹೇಳಿದೆ. ಅವಳನ್ನು ಯಾರೂ ಏನೂ ಅನ್ನಬಾರದು. ಪ್ರತಿ ಭಾನುವಾರ ಬರುತ್ತಾಳೆ. ಎರಡು ವರ್ಷ ಇಲ್ಲಿ ಚೆನ್ನಾಗಿಯೇ ಇದ್ದೆ. ಸಿರಾದ ಖಮರುನ್ನೀಸಾ ನನ್ನ ಪಕ್ಕದ ಮಂಚದವಳು. ಅವಳ ಯಜಮಾನರು ಹಾಸಿಗೆ ಹೊಲಿಯುತ್ತಿದ್ದರು. ಅವರೂ ಇಲ್ಲ.

ಆವತ್ತು ಅವಳ ಕೂಗಿಗೆ ಮೊದಲು ಓಡಿ ಬಂದವಳು ಲಕ್ಷ್ಮೀದೇವಿ. ನಮ್ಮನ್ನು ನೋಡಿಕೊಳ್ಳುವ ಆಯಾ, ಪಾವಗಡದ ಕಡೆ ವಳ್ಳೂರಿನವಳು. ಗಾಬರಿಯಾದರೆ ಕನ್ನಡಕ್ಕಿಂತ ಮುಂಚೆ ತೆಲುಗು ಬರುತ್ತದೆ.

"ಅವ್ವಾ, ಏಮೈಂದಿ? ಇಲ್ಲಿ ನೋಡು. ಒಂದು ಕಿತ ನಗು ನೋಡಾನ. ನಗವ್ವಾ!"

ನನ್ನನ್ನು ಯಾರೂ ಹಾಗೆ ನಗು ಎಂದು ಬೇಡಿಕೊಂಡಿರಲಿಲ್ಲ. ನಕ್ಕೆ. ಅರ್ಧ ಬಾಯಿ ಮಾತ್ರ ನಕ್ಕಿತಂತೆ. ಅವಳು ಗೋಡೆಯ ಗಡಿಯಾರ ನೋಡಿಕೊಂಡು ಸಿಸ್ಟರನ್ನು ಕೂಗಿದಳು.

ಆಮೇಲೆ ಆಂಬುಲೆನ್ಸ್. ತುಮಕೂರು. ಸ್ಕ್ಯಾನ್. ತಲೆಯೊಳಗೆ ಕ್ಲಾಟ್ ಆಗಿದೆ, ಸ್ಟ್ರೋಕ್ ಎಂದರು. ಸದ್ಯ ಬೇಗ ಕರೆದುಕೊಂಡು ಬಂದಿರಿ ಎಂದೂ ಹೇಳಿದರು. ಯಾರಿಂದ ಬೇಗ ಆಯಿತು ಎಂದು ಯಾರೂ ಕೇಳಲಿಲ್ಲ.

ವಾಪಸು ಬಂದಾಗ ಬಲಗಾಲು ಎಳೆಯುತ್ತಿತ್ತು. ಬಲಗೈ ಹಾಗೇ ಇತ್ತು. ನಾಲಿಗೆ ಬಾಯಿಯೊಳಗೆ ದಪ್ಪಗೆ ಊದಿಕೊಂಡ ಹಾಗಿತ್ತು. ಮನಸ್ಸಿನಲ್ಲಿ ಮಾತು ಸರಿಯಾಗಿಯೇ ಹುಟ್ಟುತ್ತಿತ್ತು, ಹೊರಗೆ ಬರುವಷ್ಟರಲ್ಲಿ ಮುರಿಯುತ್ತಿತ್ತು.

ಮೂರನೆಯ ದಿನ ಡಾಕ್ಟರು ಬಂದರು. ತಿಂಗಳಿಗೊಮ್ಮೆ ಕ್ಯಾಂಪಸ್ಸಿಗೆ ಬರುವವರು. ಚಿಕ್ಕ ವಯಸ್ಸು, ಮೆತ್ತನೆಯ ಮಾತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೈಯಲ್ಲಿ ಒಂದು ಶೀಟ್ ಹಿಡಿದು ನನ್ನ ಮಂಚದ ಹತ್ತಿರ ಸ್ಟೂಲ್ ಎಳೆದುಕೊಂಡರು.

"ಅಜ್ಜಿ, ಇವತ್ತು ಎಷ್ಟನೇ ತಾರೀಕು?"

ತಾರೀಕು ನನಗೆ ಯಾವತ್ತೂ ಗೊತ್ತಿರುವುದಿಲ್ಲ. ಏಕಾದಶಿ ಕಳೆದು ಎರಡು ದಿನವಾಯಿತು ಎಂದೆ. ಅವರಿಗೆ ಅರ್ಥವಾಗಲಿಲ್ಲ.

ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ತೊಂಬತ್ತಮೂರಕ್ಕೆ ನಿಂತುಹೋದೆ. ಕೊಡೆ, ಬೆಳ್ಳಿ, ತೋಟ, ಈ ಮೂರನ್ನು ನೆನಪಿಟ್ಟುಕೊಳ್ಳಿ ಎಂದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಾಗ ಕೊಡೆ ಬಂತು, ತೋಟ ಬಂತು. ಇನ್ನೊಂದು ಆ ಹೊತ್ತಿಗೆ ಬರಲಿಲ್ಲ. ಸುಳ್ಳು ಬರೆಯುವುದಿಲ್ಲ, ನಿಜವಾಗಿ ಬರಲಿಲ್ಲ.

"ಮಗಳ ಹೆಸರು?" ಸುಧಾ ಎಂದೆ. "ಮೊಮ್ಮಕ್ಕಳು?" ನಿಮ್ಮಿಬ್ಬರ ಹೆಸರು ತೊದಲುತ್ತಾ ಹೇಳಿದೆ.

"ನಿಮ್ಮ ಯಜಮಾನರ ಹೆಸರು?"

ತಲೆ ತಗ್ಗಿಸಿದೆ.

"ಯಜಮಾನರು, ಅಜ್ಜಿ. ತೀರಿಕೊಂಡ್ರಲ್ಲ, ಅವರು. ಹೆಸರು ನೆನಪಿದೆಯಾ?"

ಎಡಗೈಯಿಂದ ಸೆರಗು ಎಳೆದು ಬಾಯಿಗೆ ಅಡ್ಡ ಹಿಡಿದೆ.

"ಪರವಾಗಿಲ್ಲ ಬಿಡಿ ಅಜ್ಜಿ" ಎಂದು ಅವರು ಶೀಟಿನಲ್ಲಿ ಬರೆದುಕೊಂಡರು.

ನಿಮಗೆ ನಗು ಬರಬಹುದು. ನಿಮ್ಮ ಅಮ್ಮ ನಿಮ್ಮ ಅಪ್ಪನನ್ನು ಹೆಸರು ಹಿಡಿದೇ ಕೂಗುತ್ತಾಳೆ, ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಯಾರೂ ಹೇಳಬೇಡ ಎಂದು ಕಲಿಸಿಕೊಡಲಿಲ್ಲ, ಬೆಂಕಿ ಮುಟ್ಟಬೇಡ ಎಂದು ಕಲಿಸಿಕೊಡದ ಹಾಗೆ. ಬರೆದರೆ ಅಡ್ಡಿಯಿಲ್ಲ. ಕಾಗದಪತ್ರಕ್ಕೆಲ್ಲ ಗಂಗಮ್ಮ ಕೋಂ ಇಂಥವರು ಎಂದು ನಾನೇ ಬರೆದು ಸಹಿ ಮಾಡಿದ್ದೇನೆ. ಬಾಯಲ್ಲಿ ಹೇಳುವ ಹೊತ್ತು ಬಂದರೆ ಪಕ್ಕದಲ್ಲಿದ್ದವರ ಮುಖ ನೋಡುತ್ತಿದ್ದೆ, ಅವರು ಹೇಳುತ್ತಿದ್ದರು. ಆವತ್ತು ಪಕ್ಕದಲ್ಲಿ ಯಾರೂ ಇರಲಿಲ್ಲ.

ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಮದುವೆಯಾಗಿ ಗಂಡನ ಮನೆಗೆ ಬಂದ ದಿನ ನಾದಿನಿ ಬಾಗಿಲಿಗೆ ಎರಡು ಕೈ ಅಡ್ಡ ಚಾಚಿ ನಿಂತಳು. ಹೆಸರು ಹೇಳಿದರೇನೇ ಒಳಗೆ ಬಿಡುವುದು ಎಂದಳು. ಅದು ಪದ್ಧತಿ, ಅಲ್ಲಿ ಹೇಳಬಹುದು. ಹೇಳಿದೆ. ಅಕ್ಕಿಯ ಸೇರು ಒದ್ದು ಒಳಗೆ ಹೋದೆ. ಆಮೇಲೆ ನಲವತ್ತೆಂಟು ವರ್ಷ ಆ ಹೆಸರು ನನ್ನ ಬಾಯಿಗೆ ಬರಲಿಲ್ಲ.

ಎರಡು ದಿನದ ಮೇಲೆ ನನ್ನನ್ನು ಒಳಗಿನ ಬ್ಲಾಕಿಗೆ ಹಾಕಿದರು.

ಒಳಗಿನ ಬ್ಲಾಕು ನೆನಪು ಹೋದವರಿಗೆ. ಬಾಗಿಲಿಗೆ ನಂಬರು ಒತ್ತುವ ಬೀಗ. ನಂಬರು ಆಯಾಗಳಿಗೆ ಗೊತ್ತು, ನಮಗಲ್ಲ. ಅಲ್ಲಿ ಎಂಟು ಜನ ಇದ್ದರು. ಒಬ್ಬರು ಇಡೀ ದಿನ ಇಲ್ಲದ ದನ ಹೊಡೆಯುತ್ತಾರೆ. ಒಬ್ಬರು ಬಸ್ಸು ಬಂತಾ ಎಂದು ಕೇಳುತ್ತಾರೆ. ಕೆಟ್ಟವರು ಯಾರೂ ಅಲ್ಲ. ಆದರೆ ಯಾರೊಂದಿಗೂ ಅವರೆಕಾಯಿ ಸುಲಿಯುವ ಹಾಗಿಲ್ಲ. ನನ್ನ ಮೆಮೊರಿ ಸ್ಕೋರು ಕಡಿಮೆ ಬಂದಿದೆ ಎಂದಷ್ಟೇ ನಿಮ್ಮ ಅಮ್ಮನಿಗೆ ಹೇಳಿದರು. ಯಾವ ಪ್ರಶ್ನೆ, ಯಾವ ಉತ್ತರ ಎಂದು ಅವಳಿಗೆ ಯಾರು ಹೇಳುತ್ತಾರೆ? ಅವಳು ಬಾತ್‌ರೂಮಿನಲ್ಲಿ ಅತ್ತು ಮುಖ ತೊಳೆದುಕೊಂಡು ಬಂದಳು. ನನಗೆ ಗೊತ್ತಾಯಿತು.

ಆ ಭಾನುವಾರ ನೀವಿಬ್ಬರೂ ಬಂದಿರಿ. ಹಂಸ, ನೀನು ನನ್ನ ಮುಖದ ಹತ್ತಿರ ಬಂದು, ಕಿವುಡರಿಗೆ ಹೇಳುವ ಹಾಗೆ ನಿಧಾನವಾಗಿ ಕೇಳಿದೆ: "ಅಜ್ಜೀ, ನಾನು ಯಾರು ಗೊತ್ತಾ?"

ಗೊತ್ತಿತ್ತು, ಮಗಳೇ. ನೀನು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನಾನು. ಹೆಸರು ಹೇಳಲು ಹೋದೆ, "ಹಂ" ಎಂದು ನಿಂತಿತು, ಜೊಲ್ಲು ಸುರಿಯಿತು. ನೀನು ಅಮ್ಮನ ಹಿಂದೆ ಸರಿದೆ.

ಅಲ್ಲಿಂದ ಮುಂದೆ ನನಗೆ ಸುಸ್ತು. ಮೈಗಿಂತ ಹೆಚ್ಚಾಗಿ ಮನಸ್ಸಿಗೆ. ಬೆಳಿಗ್ಗೆ ಒಬ್ಬರು ಎಬ್ಬಿಸಬೇಕು. ಒಬ್ಬರು ತೊಳೆಯಬೇಕು. ಫಿಸಿಯೋದವರು ಬಂದು ಕೈ ಎತ್ತಿ ಅಂದರೆ ಎತ್ತಬೇಕು, ಏಳದಿದ್ದರೂ ಎತ್ತಬೇಕು. ಎಡಗೈಯಲ್ಲಿ ಚಮಚ ಹಿಡಿದರೆ ಅನ್ನ ಕಿವಿಯ ಕಡೆ ಹೋಗುತ್ತಿತ್ತು. ಅದು ಗಂಡನ ಹೆಸರು ಹೇಳದ ಪದ್ಧತಿ ಕಣಪ್ಪ ಎಂದು ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನಾಚಿಕೆ ಅರ್ಧ, ನಾಲಿಗೆ ಅರ್ಧ. ಇದೂ ನನ್ನ ತಪ್ಪೇ.

ಲಕ್ಷ್ಮೀದೇವಿಯ ಡ್ಯೂಟಿ ಹೆಚ್ಚಾಗಿ ಅಲ್ಲೇ. ಆ ಬ್ಲಾಕಿಗೆ ಬರಲು ಬೇರೆಯವರು ಒಪ್ಪುವುದಿಲ್ಲ, ಹಾಗಾಗಿ ಎಷ್ಟೋ ದಿನ ಅವಳದೇ ಎರಡು ಶಿಫ್ಟು. ಅವಳು ಕೂತದ್ದನ್ನು ನಾನು ನೋಡಿಲ್ಲ. ಊಟವನ್ನೂ ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು, ನಮ್ಮನ್ನು ನೋಡುತ್ತಾ, ನಿಂತೇ ಮಾಡುತ್ತಾಳೆ. ಒಂದು ದಿನ ನನ್ನನ್ನು ವಾಕರ್ ಹಿಡಿಸಿ ನಡೆಸುವಾಗ ಅವಳ ತಲೆ ನನ್ನ ಹೆಗಲಿಗೆ ತಾಗಿತು. ನಿಂತ ಹಾಗೇ ತೂಕಡಿಸಿದ್ದಳು. ನಾನು ಅಲುಗದೆ ನಿಂತೆ. ಆವತ್ತು ಯಾರು ಯಾರನ್ನು ಹಿಡಿದಿದ್ದರೋ.

ಅವಳ ಗಂಡನ ಮನೆಯ ಹೊಲದಲ್ಲೆಲ್ಲ ಈಗ ಸೋಲಾರ್ ಪ್ಲೇಟು. "ಮೊದ್ಲು ಅವುನ್ನೇ ಒರೆಸ್ತಿದ್ದೆ ಅವ್ವಾ. ಈಗ ನಿಮ್ಮುನ್ನ ಒರೆಸ್ತೀನಿ. ಪ್ಲೇಟು ಬೈಯ್ತಿರ್ಲಿಲ್ಲ, ಅಷ್ಟೇ ವ್ಯತ್ಯಾಸ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ತಲೆಗೆ ನೀರು ಹಾಕುವಾಗ ಅವಳೇ ಕೇಳಿದಳು. "ಅಲ್ಲವ್ವಾ, ನಂಗೆ ಅರ್ಥ ಆಗೋದೇ ಇಲ್ಲ. ನಿನ್ನೆ ಸಾರಿಗೆ ಉಪ್ಪಿಲ್ಲ ಅಂತ ನಿಂಗೆ ನೆನಪೈತೆ. ನನ್ ಮಗಳ ಪರೀಕ್ಷೆ ಯಾವಾಗ ಅಂತ ನೆನಪೈತೆ. ಯಜಮಾನ್ರ ಹೆಸರು ಒಂದು ಹೆಂಗೆ ಮರ್ತೋಯ್ತು ನಿಂಗೆ?"

ನಾನು ಒದ್ದೆ ಸೆರಗನ್ನೇ ಬಾಯಿಗೆ ಅಡ್ಡ ತಂದುಕೊಂಡೆ.

ಅವಳ ಕೈಯಲ್ಲಿದ್ದ ಚೆಂಬು ನಿಂತಿತು. ನನ್ನ ಮುಖವನ್ನೇ ನೋಡಿದಳು.

"ಅಯ್ಯೋ ದೇವುಡಾ! ನಮ್ಮಜ್ಜೀನೂ ಇಂಗೇ ಮಾಡ್ತಿತ್ತು. ಮರ್ತಿಲ್ಲ ನೀನು. ಹೇಳಾಕಿಲ್ಲ ನೀನು! ಅದಕ್ಕಾ ನಿನ್ನ ಇಲ್ಲಿ ತಂದು ಕೂಡಾಕಿರೋದು?"

ನಕ್ಕಳು. ಆಮೇಲೆ ಅವಳ ಕಣ್ಣಲ್ಲಿ ನೀರು ಬಂತು.

ಸುದ್ದಿ ಖಮರುನ್ನೀಸಾಗೆ ಮುಟ್ಟಿತು. ಅವಳು ದಿನಾ ಮಧ್ಯಾಹ್ನ ಕಿಟಕಿಯ ಗ್ರಿಲ್ಲಿನ ಆಚೆ ಬಂದು ನಿಲ್ಲುತ್ತಿದ್ದಳು. ಆವತ್ತು ಕ್ಯಾಂಪಸ್ಸು ನಡೆಸುವ ಮೇಡಮ್ಮನ್ನೂ ಎಳೆದುಕೊಂಡು ಬಂದಿದ್ದಳು.

"ಕೇಳಿ ಮೇಡಮ್. ನನ್ನ ಯಜಮಾನ್ರ ಹೆಸ್ರು ಕೇಳಿ. ನಾನೂ ಹೇಳಾಕಿಲ್ಲ. ಹಾಕ್ಬುಡಿ ನನ್ನೂ ಒಳಕ್ಕೆ! ಹೊರಗಡೆ ಬ್ಲಾಕ್ನಾಗೆ ಅರ್ಧ ಹೆಂಗಸ್ರು ಖಾಲಿ ಆಯ್ತಾರೆ, ನೋಡ್ಕಳಿ."

ಮೇಡಮ್ ನಕ್ಕರು. ಆದರೆ ಅವರ ಕಷ್ಟ ಅವರಿಗೆ. ಡಾಕ್ಟರ ಶೀಟನ್ನು ಅವರು ತಿದ್ದುವ ಹಾಗಿಲ್ಲ. ಮುಂದಿನ ತಿಂಗಳು ರಿವ್ಯೂ ಇದೆ, ಆಗಲೂ ಉತ್ತರ ಬರದಿದ್ದರೆ ಹೊರಗಿನ ಬ್ಲಾಕಿನ ಮಂಚವನ್ನು ಕಾಯುತ್ತಿರುವವರಿಗೆ ಕೊಡಬೇಕಾಗುತ್ತದೆ ಎಂದರು. ಆ ಮಂಚದ ಮೇಲೆ ಖಮರುನ್ನೀಸಾ ನನ್ನ ದುಪ್ಪಟಿ ಮಡಿಸಿ ಇಟ್ಟಿದ್ದಾಳೆ, ದಿನಾ ಕೊಡವುತ್ತಾಳೆ ಎಂದು ಲಕ್ಷ್ಮೀದೇವಿ ಹೇಳಿದ್ದಳು.

ಹಾಗಾದರೆ ಬರೆದು ತೋರಿಸೋಣ ಎಂದು ನಾನೂ ಲಕ್ಷ್ಮೀದೇವಿಯೂ ಮಾತಾಡಿಕೊಂಡೆವು. ಲಕ್ಷ್ಮೀದೇವಿ ಒಂದು ಸ್ಲೇಟು ತಂದಳು. ಎಡಗೈಗೆ ಅ, ಆ ಕಲಿಸಲು ಶುರು ಮಾಡಿದೆ. ಬಳಪ ಜಾರುತ್ತಿತ್ತು. ಅವಳು ಸ್ಲೇಟು ಅಲುಗದ ಹಾಗೆ ಹಿಡಿಯುತ್ತಿದ್ದಳು, ನಿಂತೇ.

ಧೈರ್ಯ ಬಂದಿತ್ತು. ದಿನಾ ಬೆಳಿಗ್ಗೆ ಗಂಜಿ ಕುಡಿಯುವ ಮುಂಚೆ ಆ ಹೆಸರನ್ನು ಮನಸ್ಸಿನೊಳಗೆ ಒಮ್ಮೆ ಮುಟ್ಟಿ ನೋಡುತ್ತಿದ್ದೆ, ಸೆರಗಿನ ಗಂಟು ಮುಟ್ಟಿ ನೋಡುವ ಹಾಗೆ.

ಒಂದು ಬೆಳಿಗ್ಗೆ ಅದು ಅಲ್ಲಿ ಇರಲಿಲ್ಲ.

ಮುಖ ಬಂತು. ಹೆಗಲ ಟವೆಲು ಬಂತು. ಒಳಗೆ ಬರುವ ಮುಂಚೆ ಬಾಗಿಲಲ್ಲಿ ಕೆಮ್ಮುತ್ತಿದ್ದ ಕೆಮ್ಮು ಬಂತು. "ಇವಳೇ, ನೀರು ತತ್ತಾ" ಎನ್ನುವ ದನಿಯೂ ಬಂತು. ಹೆಸರು ಇಲ್ಲ. ಗಂಜಿ ಆರಿತು, ಮೇಲೆ ಕೆನೆ ಕಟ್ಟಿತು. ಹಾಗಾದರೆ ಡಾಕ್ಟರು ಹೇಳಿದ್ದೇ ಸರಿಯೇ? ನಾಚಿಕೆ ಎಂದು ನಾನು ಅಂದುಕೊಂಡದ್ದು ಬರೀ ನೆಪವೇ? ನಲವತ್ತೆಂಟು ವರ್ಷ ಬಾಯಿಗೆ ತಾರದ ಹೆಸರನ್ನು ಒಳಗೇ ಇಟ್ಟುಕೊಂಡಿದ್ದೆ, ಅಲ್ಲಿ ಸುರಕ್ಷಿತವಾಗಿದೆ ಎಂದು ತಿಳಿದಿದ್ದೆ. ಈಗ ಆ ಒಳಗೇ ಸೋರುತ್ತಿದ್ದರೆ ಎಲ್ಲಿ ಹುಡುಕಲಿ? ಬೇರೆ ಯಾರನ್ನಾದರೂ ಕೇಳಬಹುದಿತ್ತು. ಗಂಡನ ಹೆಸರೇನು ಎಂದು ಯಾರನ್ನು ಕೇಳಲಿ?

ಮಧ್ಯಾಹ್ನದ ತನಕ ಯಾರಿಗೂ ಹೇಳಲಿಲ್ಲ. ಆಮೇಲೆ ಸ್ಲೇಟು ತೆಗೆದುಕೊಂಡೆ. ಸ್ಕೂಲಿನಲ್ಲಿ ಬರೆದ ಹಾಗೆ ಮೊದಲಿನಿಂದ ಒಂದೊಂದೇ ಅಕ್ಷರ ಬರೆದು, ಇದಾ ಎಂದು ಕೇಳಿಕೊಂಡು, ಒರೆಸುತ್ತಾ ಹೋದೆ. ಅ ಅಲ್ಲ. ಕ ಅಲ್ಲ. ಚ ಅಲ್ಲ. ಟ ಅಲ್ಲ. ತ ಬರೆದೆ.

ಒರೆಸಲು ಕೈ ಏಳಲಿಲ್ಲ.

ಅದಕ್ಕೆ ಗುಡಿಸು ಹಾಕಿದೆ. ಪಕ್ಕದಲ್ಲಿ ಇನ್ನೊಂದಕ್ಷರ, ಕೆಳಗೊಂದು ಒತ್ತು. ಪೂರ್ತಿ ಹೆಸರು ಕೈಯೊಳಗಿಂದಲೇ ಇಳಿದು ಬಂತು. ಸ್ಲೇಟನ್ನು ಎದೆಗೆ ಒತ್ತಿಕೊಂಡು ಅತ್ತೆ. ಅಕ್ಷರ ಸೀರೆಗೆ ಅಂಟಿತು.

ಲಕ್ಷ್ಮೀದೇವಿಗೆ ಎಲ್ಲವನ್ನೂ ಹೇಳಿದೆ, ಮುರಿದ ಮಾತಿನಲ್ಲಿ. ಅವಳು ನಗಲಿಲ್ಲ. ಸೀರೆಯ ಮೇಲಿನ ಬಿಳಿ ಒರೆಸುತ್ತಾ ಹೇಳಿದಳು: "ಬರ್ಕಂಡ್ರೆ ಸಾಲ್ದವ್ವಾ. ಬಾಯಾಗೂ ಒಂದು ಇರ್ಬೇಕು. ಒಂದು ಕಡೆ ಕಳ್ದೋದ್ರೆ ಇನ್ನೊಂದು ಕಡೆ ಸಿಕ್ತೈತೆ."

ನನಗೆ ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದೆ. ಅವಳು ಒತ್ತಾಯ ಮಾಡಲಿಲ್ಲ.

ವರ್ಷಕ್ಕೊಂದು ದಿನ ಇಲ್ಲಿ ಕೆಲಸದವರ ಊಟ ಎಂದು ಮಾಡುತ್ತೇವೆ. ಆವತ್ತು ಅವರು ಎಲೆಯ ಮುಂದೆ ಕೂರಬೇಕು, ವಯಸ್ಸಾದ ನಾವು ಬಡಿಸಬೇಕು. ಅಡುಗೆಯವರು, ಆಯಾಗಳು, ತೋಟದವರು, ಡ್ರೈವರು, ಎಲ್ಲರೂ ಒಂದೇ ಸಾಲು. ನಡುಗುವ ಕೈಗಳಿಂದ ಸಾರು ಅರ್ಧ ಎಲೆಗೆ, ಅರ್ಧ ಅವರ ಮಡಿಲಿಗೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಊಟದ ನಡುವೆ ನಮ್ಮಲ್ಲಿ ಒಬ್ಬೊಬ್ಬರು ಮೈಕು ಹಿಡಿದು ಎರಡು ಮಾತು ಹೇಳುತ್ತಾರೆ. ನಾನು ಎರಡು ವರ್ಷವೂ ಕಂಬದ ಹಿಂದೆ ಕೂತಿದ್ದೆ.

ಈ ಸಲ ಡಾಕ್ಟರು ಬರುವ ದಿನವೂ ಅದೇ ಆಯಿತು. ಊಟಕ್ಕೆ ನಿಲ್ಲಿ, ರಿವ್ಯೂ ಆಮೇಲೆ ಮಾಡಿ ಎಂದು ಮೇಡಮ್ ಹೇಳಿದ್ದರಂತೆ. ಒಳಗಿನ ಬ್ಲಾಕಿನವರನ್ನು ಆ ಗದ್ದಲಕ್ಕೆ ಕರೆತರುವ ರೂಢಿ ಇಲ್ಲ. ಲಕ್ಷ್ಮೀದೇವಿ ನನಗೊಬ್ಬಳಿಗೆ ಒಪ್ಪಿಗೆ ಕೇಳಿಕೊಂಡಿದ್ದಳು. ನನಗೆ ಒಗೆದ ಸೀರೆ ಉಡಿಸಿದಳು, ವಾಕರ್ ಕೊಟ್ಟಳು, ನಂಬರು ಒತ್ತಿ ಬಾಗಿಲು ತೆರೆದಳು. ಆಚೆ ಖಮರುನ್ನೀಸಾ ಮತ್ತು ಹೊರಗಿನ ಬ್ಲಾಕಿನ ಹೆಂಗಸರೆಲ್ಲ ನನ್ನನ್ನು ಕರೆದೊಯ್ಯಲು ನಿಂತಿದ್ದರು. ಎದುರಿಗೆ ಊಟದ ಮನೆಯ ಬಾಗಿಲಲ್ಲಿ ಮೇಡಮ್, ಪಕ್ಕದಲ್ಲಿ ಡಾಕ್ಟರು.

ನಾನು ಹೊಸಿಲಿಗೆ ಬಂದೆ. ಲಕ್ಷ್ಮೀದೇವಿ ನನಗಿಂತ ಮುಂಚೆ ದಾಟಿ, ತಿರುಗಿ, ಬಾಗಿಲಿಗೆ ಎರಡು ಕೈ ಅಡ್ಡ ಚಾಚಿ ನಿಂತಳು. ಆ ದಿನಕ್ಕೆಂದು ಹೊಸ ಸೀರೆ ಉಟ್ಟು, ಕನಕಾಂಬರ ಮುಡಿದಿದ್ದಳು.

"ಹೆಸರು ಹೇಳವ್ವಾ. ಹೇಳಿದ್ರೇನೇ ದಾಟೋದು."

ಅವಳ ತೋಳಿನ ಕೆಳಗೆ ನುಗ್ಗಲು ನೋಡಿದೆ. ವಾಕರ್ ಇರುವವರು ಎಲ್ಲಿ ನುಗ್ಗುವುದು?

"ಅರೆ, ನಮ್ಮ ಹುಡ್ಗೀನ ಬಿಡ್ರೇ! ನಾನು ಹೆಣ್ಣಿನ ಕಡೆಯೋಳು!" ಎಂದು ಖಮರುನ್ನೀಸಾ ಆಚೆಯಿಂದ ಕೂಗಿದಳು. ಹೆಂಗಸರೆಲ್ಲ ನಗತೊಡಗಿದರು. "ಹೇಳಮ್ಮೋ, ಮುಹೂರ್ತ ಮೀರ್ತೈತೆ!" ಎಂದಳು ಇನ್ನೊಬ್ಬಳು. "ಹೇಳ್ದಿದ್ರೆ ಹೋಳಿಗೆ ಇಲ್ಲ ಕಣಮ್ಮ!" ಎಂದಳು ಮತ್ತೊಬ್ಬಳು. ಎಪ್ಪತ್ತು, ಎಂಬತ್ತು ವರ್ಷದ ಹೆಂಗಸರು ಮದುವೆ ಮನೆಯ ಹುಡುಗಿಯರಾಗಿದ್ದರು. ಡಾಕ್ಟರಿಗೆ ಮೊದಲು ಏನೂ ತಿಳಿಯಲಿಲ್ಲ. ಮೇಡಮ್ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ಕೈ ಕಟ್ಟಿಕೊಂಡು ನಿಂತರು.

ಲಕ್ಷ್ಮೀದೇವಿ ನಗುತ್ತಿರಲಿಲ್ಲ. ಚಾಚಿದ ಕೈ ಇಳಿಸಲೂ ಇಲ್ಲ.

ಇದು ಹೊಸಿಲು ಎಂದು ನನಗೆ ಆಗ ಹೊಳೆಯಿತು. ಇಲ್ಲಿ ಹೇಳಬಹುದು.

ಮೊದಲನೆಯ ಸಲ "ತಿ" ಎಂದು ನಿಂತಿತು. ಎರಡನೆಯ ಸಲ ತುಟಿ ಕೂಡಲಿಲ್ಲ. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಹೇಳಿದೆ.

"ತಿಮ್ಮರಾಯಪ್ಪ."

ಸೊಟ್ಟಗೇ ಬಂತು. ಆದರೂ ಬಂತು. ಲಕ್ಷ್ಮೀದೇವಿ ಕೈ ಇಳಿಸಿದಳು. ನಾನು ಬಲಗಾಲು ಎಳೆದುಕೊಂಡು ದಾಟಿದೆ.

ಊಟದ ಸಾಲಿನಲ್ಲಿ ಅವಳು ಎಲೆ ಬಿಟ್ಟು ಮೂರು ಸಲ ಎದ್ದಳು, ಯಾರಿಗೋ ನೀರು, ಯಾರದೋ ಕೋಲು ಎಂದು. ಮೈಕು ನನ್ನ ಹತ್ತಿರ ಬಂದಾಗ ಥ್ಯಾಂಕ್ಸ್ ಹೇಳಬೇಕೆಂದಿದ್ದೆ. ಅಷ್ಟು ಜನ, ಅಷ್ಟು ಮುಖ. ಬಾಯಿಗೆ ಬಂದದ್ದು ಇಷ್ಟೇ: "ಲಕ್ಷ್ಮೀದೇವಿ, ಕೂತ್ಕಳೇ."

ಅವಳು ಕೂತಳು. ನಾನು ಎಡಗೈಯಲ್ಲಿ ಅವಳ ಎಲೆಗೆ ಹೋಳಿಗೆ ಹಾಕಲು ಹೋದೆ. ಎಡಗೈಯಲ್ಲಿ ಬಡಿಸಬಾರದು, ಗೊತ್ತು. ಅವಳು ಎರಡು ಕೈ ಚಾಚಿ ಹಾಕಿಸಿಕೊಂಡಳು.

ರಿವ್ಯೂನಲ್ಲಿ ಡಾಕ್ಟರು ಆ ಪ್ರಶ್ನೆ ಕೇಳಲಿಲ್ಲ. "ಕೇಳಿಸ್ಕೊಂಡೆ ಅಜ್ಜಿ. ಆವತ್ತು ನನಗೆ ಹೊಳೀಲಿಲ್ಲ, ತಪ್ಪಾಯ್ತು" ಎಂದರು. ಮತ್ತೆ ಮೂರು ಮಾತು ಕೊಟ್ಟರು, ಮತ್ತೆ ಒಂದು ಬಿಟ್ಟುಹೋಯಿತು. ಸ್ವಲ್ಪ ಮರೆವು ಇರುವುದು ನಿಜ, ಮುಂದೆ ಹೆಚ್ಚಬಹುದು, ಹೆಚ್ಚದೆಯೂ ಇರಬಹುದು, ಮೂರು ತಿಂಗಳಿಗೊಮ್ಮೆ ನೋಡೋಣ, ಸದ್ಯಕ್ಕೆ ಹೊರಗಿನ ಬ್ಲಾಕಿಗೆ ಹೋಗಲಿ ಎಂದು ಬರೆದರು.

ಈಗ ನನ್ನ ಮಂಚದಲ್ಲಿದ್ದೇನೆ. ಅವರೆ ಕಾಲ ಮುಗಿದಿದೆ. ಖಮರುನ್ನೀಸಾ ಹುಣಸೆ ಬಿಡಿಸುತ್ತಾಳೆ, ನಾನು ನೋಡುತ್ತೇನೆ. ಸಂಜೆಯಾದರೆ ಇನ್ನೂ ಬಹಳ ಸುಸ್ತು. ಲಕ್ಷ್ಮೀದೇವಿ ಒಳಗಿನ ಬ್ಲಾಕಿನಲ್ಲೇ ಇದ್ದಾಳೆ. ಡ್ಯೂಟಿ ಮುಗಿದ ಮೇಲೆ ಬಂದು ನನ್ನ ಮಂಚದ ತುದಿಯಲ್ಲಿ ಐದು ನಿಮಿಷ ಕೂರುತ್ತಾಳೆ.

ಹಂಸ, ದೀಪು, ಇನ್ನು ಮೇಲೆ ಬಂದಾಗ ನಾನು ಯಾರು ಗೊತ್ತಾ ಎಂದು ಕೇಳಬೇಡಿ. ಬಾಗಿಲಿಗೆ ಕೈ ಅಡ್ಡ ಚಾಚಿ ನಿಲ್ಲಿ. ನಾನು ನಿಮ್ಮ ತಾತನ ಹೆಸರು ಹೇಳುತ್ತೇನೆ, ನೀವು ಬಿಡಿ. ನನಗೆ ಬಾರದ ದಿನವೂ ಬರಬಹುದು. ಆ ದಿನ ನೀವೇ ನನ್ನ ಕಿವಿಯಲ್ಲಿ ಹೇಳಿ. ಈ ಪುಟದಲ್ಲಿ ಬರೆದಿಟ್ಟಿದ್ದೇನೆ. ಹೇಳಿ, ನನ್ನನ್ನು ದಾಟಿಸಿ.